ಅಪ್‌ಡೇಟ್: ಹದಿನಾಲ್ಕು ತಿಂಗಳ ಮಗಳ ತಿಂಡಿ ಮತ್ತು ಆಟಿಕೆ

ಬಿಸ್ಕತ್ತಿನ ಬದಲು ಮಗಳಿಗೆ ಏನು ಕೊಡಬಹುದು, ಮನೆಯಲ್ಲೇ ಯಾವ ಆಟಿಕೆ ಮಾಡಬಹುದು ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಬಿಳಿಜೋಳದ ಹಿಟ್ಟಿಗೆ ಕಿವುಚಿದ ಬಾಳೆಹಣ್ಣು ಕಲಸಿ, ಹಂಚಿಗೆ ತುಪ್ಪ ಸವರಿ ಹೊಯ್ದ ಪುಟ್ಟ ದೋಸೆ ಅವಳಿಗೆ ಬಹಳ ಹಿಡಿಸಿದೆ. ಮೆತ್ತಗಿರುವುದರಿಂದ ತಾನೇ ಹಿಡಿದು ತಿನ್ನುತ್ತಾಳೆ. ನಮ್ಮ ವಿಜಯಪುರದಲ್ಲಿ ದ್ರಾಕ್ಷಿಗೆ ಬರವಿಲ್ಲ, ಆದರೆ ಇಡೀ ಹಣ್ಣು ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳಬಹುದು. ದಯವಿಟ್ಟು ಉದ್ದಕ್ಕೆ ನಾಲ್ಕು ಸೀಳು ಮಾಡಿಯೇ ಕೊಡಿ. ಇಡೀ ಶೇಂಗಾ ಬೇಡವೇ ಬೇಡ. ನಾನು ನುಣ್ಣಗೆ ಅರೆದು ಅಂಬಲಿಗೆ ಬೆರೆಸುತ್ತೇನೆ.

ಆಟಿಕೆಯ ಚಿಂತೆಯನ್ನು ಅತ್ತೆಯವರೇ ಕಳೆದರು. ಹಳೆಯ ಇಳಕಲ್ ಸೀರೆಯ ತುಂಡುಗಳನ್ನು ಕೌದಿಯಂತೆ ಜೋಡಿಸಿ ಬಟ್ಟೆಯ ಪುಸ್ತಕ ಹೊಲಿದುಕೊಟ್ಟಿದ್ದಾರೆ. ಗುಂಡಿ, ಮಣಿ ಯಾವುದೂ ಇಲ್ಲ. ಗಿಳಿಯ ಕಣ್ಣನ್ನೂ ದಾರದಲ್ಲೇ ಹಾಕಿದ್ದಾರೆ. ಎಷ್ಟು ಚೆಂದದ ಕೈಕೆಲಸ! ಅಳತೆ ಬೇಕಾದವರು ಕೇಳಿ, ಬರೆಯುತ್ತೇನೆ.