ಪದಚರ್ಚೆ: ‘ಎಸಿ ಕಡಿಮೆ ಮಾಡಿ’ ಅಂದರೆ ಕಡಿಮೆ ಆಗಬೇಕಾದ್ದು ಯಾವುದು?

ಬಳಗದ ಎಲ್ಲರಿಗೂ ನಮಸ್ಕಾರ.

ನಾಲ್ಕೈದು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಕಾಸರಗೋಡಿನ ಒಂದು ಆಸ್ಪತ್ರೆ ಕಟ್ಟಡದ ಮೆಂಟೆನೆನ್ಸ್ ವಿಭಾಗದಲ್ಲಿ ನನಗೆ ಕೆಲಸ. ಅಲ್ಲಿ ಎಸಿ, ಗಾಳಿ, ದೀಪ ಎಲ್ಲವನ್ನೂ ಕಂಪ್ಯೂಟರ್ ನಡೆಸುತ್ತದೆ. ಅದನ್ನು ನೋಡಿಕೊಳ್ಳುವ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಸೂಚನೆಯ ಹಾಳೆ ಬರೆಯುತ್ತಿದ್ದೇನೆ. ಪ್ಯಾನೆಲ್ ಮೇಲಿನ ಬರಹ ಇಂಗ್ಲಿಷಿನದು, ಗೋಡೆಯ ಮೇಲಿನದು ಮಲಯಾಳದ್ದು. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಬರುವ ನಮ್ಮ ಹುಡುಗರು ಶಾಲೆಯಲ್ಲಿ ಕಲಿತದ್ದು ಕನ್ನಡ. ಮನೆಮಾತು ತುಳುವೋ ಹವ್ಯಕವೋ ಮರಾಟಿಯೋ, ಏನೇ ಇರಲಿ, ಓದಿದ ಕೂಡಲೇ ತಲೆಗೆ ಹೋಗುವುದು ಕನ್ನಡ ಅಕ್ಷರ. ಹಾಗಾಗಿ ಹಾಳೆ ಅವರ ಭಾಷೆಯಲ್ಲೇ ಇರಬೇಕು ಅನ್ನುವುದು ನನ್ನ ಹಟ.

ಮೊದಲ ತೊಡಕು ಪಾರಿಭಾಷಿಕ ಪದದ್ದಲ್ಲ, ದಿನಾ ಆಡುವ ಮಾತಿನದ್ದು. ‘ಎಸಿ ಸ್ವಲ್ಪ ಕಡಿಮೆ ಮಾಡಿ.’ ಇದಕ್ಕೆ ಎರಡು ಅರ್ಥ ಇದೆ. ಎರಡೂ ಒಂದಕ್ಕೊಂದು ಉಲ್ಟಾ. ಮಳೆಗಾಲದಲ್ಲಿ ಒಂದು ದಿನ ವಾರ್ಡಿನಲ್ಲಿದ್ದ ಅಜ್ಜಿಯೊಬ್ಬರು ನಮ್ಮ ಹುಡುಗನನ್ನು ಕರೆದು, ‘ಮಗಾ, ಎಸಿ ಒಂಚೂರು ಕಡಿಮೆ ಮಾಡು, ಚಳಿ ಆಗ್ತದೆ’ ಅಂದರು. ಚಳಿ ಅಂತ ಹೇಳಿದ್ದರಿಂದ ಅವನಿಗೆ ಗೊತ್ತಾಯಿತು. 24 ಇದ್ದದ್ದನ್ನು 26 ಮಾಡಿದ. ಸಂಜೆಗೆ ಪುನಃ ಯಾರೋ ಅದನ್ನು 24ಕ್ಕೆ ತಂದಿದ್ದರು. ಸಿಸ್ಟರ್ ಫೋನ್ ಮಾಡಿ, ‘ಆ ವಾರ್ಡಿನ ಎಸಿ ಕಡಿಮೆ ಮಾಡಿ’ ಅಂತಷ್ಟೇ ಹೇಳಿ ಇಟ್ಟರು. ಆ ಪಾಳಿಯಲ್ಲಿ ಇದ್ದ ಇನ್ನೊಬ್ಬ 24ನ್ನು 21ಕ್ಕೆ ಇಳಿಸಿದ. ಅಜ್ಜಿ ಎರಡನೆಯ ಕಂಬಳಿ ಕೇಳಬೇಕಾಯಿತು. ಹುಡುಗನದು ತಪ್ಪು ಅಂತ ನಾನು ಹೇಳುವುದಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಇರುವುದು ಒಂದು ಸಂಖ್ಯೆ. ಕಡಿಮೆ ಮಾಡಿ ಅಂದಾಗ ಅವನು ಸಂಖ್ಯೆಯನ್ನು ಕಡಿಮೆ ಮಾಡಿದ. ಅಜ್ಜಿಗೆ ಕಡಿಮೆ ಆಗಬೇಕಾಗಿದ್ದದ್ದು ತಂಪು.

ವಿದ್ಯುತ್ ಉಳಿಸುವ ಸೂಚನೆಗಳಲ್ಲೂ ಇದೇ ಗೋಜಲು. ಭಾರತದಲ್ಲಿ 2020ರ ಜನವರಿ 1ರಿಂದ ಸ್ಟಾರ್ ಗುರುತಿನ ಕೋಣೆ ಎಸಿಗಳು ಮೊದಲು ಆನ್ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗಬೇಕು ಎಂಬ ನಿಯಮ ಬಂತು. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು 6 ಶೇಕಡಾ ಕರೆಂಟು ಉಳಿಯುತ್ತದೆ ಅಂತ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ಈಗ ನೀವೇ ನೋಡಿ. ‘ಎಸಿ ಜಾಸ್ತಿ ಇಡಿ, ಕರೆಂಟು ಉಳಿಸಿ’ ಅಂತ ಬರೆದರೆ ಯಾರಿಗೆ ಅರ್ಥ ಆದೀತು?

ಇದಕ್ಕೆ ಪರಿಹಾರ ನಮ್ಮ ಅಡುಗೆಮನೆಯಲ್ಲೇ ಇದೆ ಅಂತ ನನಗೆ ಕಾಣುತ್ತದೆ. ಕರಾವಳಿಯಲ್ಲಿ ನಾವು ‘ಗ್ಯಾಸ್ ಸಣ್ಣ ಮಾಡು’, ‘ಉರಿ ದೊಡ್ಡ ಮಾಡು’ ಅನ್ನುತ್ತೇವೆ. ಫ್ಯಾನಿಗೂ ಅದೇ ಮಾತು. ಸಣ್ಣ, ದೊಡ್ಡ ಅಂದಾಗ ಅಲ್ಲಿ ಸಂಖ್ಯೆಯ ಮಾತೇ ಬರುವುದಿಲ್ಲ. ಕೆಲಸದ ಜೋರನ್ನು ಮಾತ್ರ ಹೇಳುತ್ತೇವೆ. ಸಂಖ್ಯೆಗೆ ಏರಿಸು, ಇಳಿಸು ಇದೆ. ಹಾಗಾದರೆ ‘ಎಸಿ ಸಣ್ಣ ಮಾಡಬೇಕಾದರೆ ಡಿಗ್ರಿ ಏರಿಸಿ’ ಅಂತ ಬರೆಯಬಹುದಲ್ವಾ? ‘ಕಡಿಮೆ’, ‘ಜಾಸ್ತಿ’ ಎರಡನ್ನೂ ಹಾಳೆಯಿಂದ ಪೂರ್ತಿ ತೆಗೆದುಬಿಡುವುದು. ಯಂತ್ರದ ಒಳಗೆ ನಡೆಯುವುದಕ್ಕೂ ಇದು ಸರಿಹೊಂದುತ್ತದೆ. ದೊಡ್ಡ ಕಟ್ಟಡದಲ್ಲಿ ನೀರನ್ನು ತಣ್ಣಗೆ ಮಾಡುವ ಯಂತ್ರದಿಂದ (ಚಿಲ್ಲರ್) ಸುಮಾರು 7 ಡಿಗ್ರಿಯ ತಣ್ಣೀರು ಪೈಪಿನಲ್ಲಿ ಬಂದು, ಗಾಳಿಯ ಬಿಸಿ ಹೀರಿಕೊಂಡು 12ರ ಆಸುಪಾಸಿನಲ್ಲಿ ವಾಪಸ್ ಹೋಗುತ್ತದೆ. ಕೋಣೆ ಬೇಕಾದಷ್ಟು ತಂಪಾಗುತ್ತಾ ಬಂದ ಹಾಗೆ ಕಂಟ್ರೋಲರ್ ನೀರಿನ ವಾಲ್ವನ್ನು ಸಣ್ಣ ಮಾಡುತ್ತಾ ಬರುತ್ತದೆ. ಫ್ಯಾನನ್ನೂ ಸಣ್ಣ ಮಾಡುತ್ತದೆ. ಫ್ಯಾನಿನ ವೇಗ 80 ಶೇಕಡಾಕ್ಕೆ ಇಳಿದರೆ ಅದು ಎಳೆಯುವ ಕರೆಂಟು ಹೆಚ್ಚುಕಮ್ಮಿ ಅರ್ಧಕ್ಕೆ ಬರುತ್ತದೆ, ಯಾಕೆಂದರೆ ವೇಗದ ಘನಕ್ಕೆ ತಕ್ಕ ಹಾಗೆ ಶಕ್ತಿ ಬೇಕು. ಉಳಿತಾಯ ಇರುವುದೇ ಈ ಸಣ್ಣ ಮಾಡುವುದರಲ್ಲಿ.

ಈ ಬಳಕೆ ಕರಾವಳಿಯ ಆಚೆ ಹೇಗೆ? ನಮ್ಮ ಹಾಗೆ ಕರ್ನಾಟಕದ ಗಡಿಯಾಚೆ ಇರುವ ಅಕ್ಕಲಕೋಟೆ, ಜತ್ತದ ಕಡೆಯವರು, ಹೊಸೂರು, ತಾಳವಾಡಿ, ಮಡಕಶಿರಾ, ಆದೋನಿಯವರು ದಯವಿಟ್ಟು ಹೇಳಿ. ನಿಮ್ಮಲ್ಲಿ ಉರಿಗೆ ಏನು ಮಾಡುತ್ತೀರಿ? ಎಸಿಗೆ ಅದೇ ಮಾತು ಹೊಂದುತ್ತದೆಯೇ?

ಎರಡನೆಯದು, ಎಸಿಗೆ ನಾವು ಇಡುವ ಆ ಡಿಗ್ರಿಯ ಸಂಖ್ಯೆಗೆ ಹೆಸರು. ಇಂಗ್ಲಿಷಿನ ಸೆಟ್‌ಪಾಯಿಂಟ್. ‘ನಿಗದಿತ ಬಿಂದು’, ‘ಸ್ಥಾಪಿತ ಮೌಲ್ಯ’ ಅಂತ ಬರೆದರೆ ನಮ್ಮ ಹುಡುಗರು ಓದದೆ ಪುಟ ಮಗುಚುತ್ತಾರೆ. ನನಗೆ ಎರಡು ಪದ ಹೊಳೆದಿವೆ. ಒಂದು ‘ಹದ’. ಪಾಕದ ಹದ, ಮಣ್ಣಿನ ಹದ ಅನ್ನುವ ಹಾಗೆ ‘ಕೋಣೆಯ ಹದ 24’. ಇನ್ನೊಂದು ‘ಅಂಕೆ’. ಇದು ನನಗೆ ತುಂಬಾ ಹಿಡಿಸಿದೆ. ಅಂಕೆ ಅಂದರೆ ಸಂಖ್ಯೆಯೂ ಹೌದು, ಹತೋಟಿಯೂ ಹೌದು. ‘ಅಂಕೆ ಇಲ್ಲದ ಕಪಿ ಲಂಕೆ ಸುಟ್ಟಿತು’ ಅನ್ನುವಲ್ಲಿ ಇರುವುದು ಹತೋಟಿ. ಪರದೆಯ ಮೇಲೆ ನಾವು ಬರೆಯುವ ಸಂಖ್ಯೆಯೇ ಯಂತ್ರವನ್ನು ಹತೋಟಿಯಲ್ಲಿ ಇಡುವುದು. ಎರಡೂ ಅರ್ಥ ಒಂದೇ ಪದದಲ್ಲಿ ಇರುವಾಗ ಹೊಸದು ಹುಟ್ಟಿಸುವುದು ಯಾಕೆ? ಆದರೆ ‘ಅಂಕೆ’ ಓದಿದಾಗ ಈಗಿನ ಹುಡುಗರಿಗೆ ಬರೀ ಸಂಖ್ಯೆ ಅಂತಲೇ ಅನ್ನಿಸಿದರೆ? ಪರದೆಯಲ್ಲಿ ಇನ್ನೊಂದು ಸಂಖ್ಯೆಯೂ ಇರುತ್ತದೆ, ಈಗ ಕೋಣೆಯಲ್ಲಿ ಇರುವ ಡಿಗ್ರಿ. ಎರಡನ್ನೂ ಅಂಕೆ ಅಂದುಕೊಂಡರೆ ಕಷ್ಟ. ಇಟ್ಟದ್ದು ‘ಅಂಕೆ’, ಇರುವುದು ‘ಅಳತೆ’ ಅಂತ ಬೇರೆ ಮಾಡಬಹುದೇನೋ. ಇದರ ಬಗ್ಗೆ ನಿಘಂಟು ಬಲ್ಲವರು ಹೇಳಬೇಕು.

ಈ ಹೆಸರು ಸರಿಯಾಗಿ ಮನಸ್ಸಿಗೆ ಕೂತರೆ ಒಂದು ದೊಡ್ಡ ತಪ್ಪು ತಿಳುವಳಿಕೆ ಹೋಗುತ್ತದೆ. ಬೇಗ ತಂಪಾಗಲಿ ಅಂತ 16 ಇಡುವವರು ಎಷ್ಟು ಜನ! ಸೆಕೆಯಲ್ಲಿ ಕೋಣೆ 31 ಇರುವಾಗ 24 ಇಟ್ಟರೂ ವಾಲ್ವ್ ಪೂರ್ತಿ ತೆರೆದಿರುತ್ತದೆ. 16 ಇಟ್ಟರೂ ಅಷ್ಟೇ. ಪೂರ್ತಿ ತೆರೆದದ್ದು ಇನ್ನೂ ತೆರೆಯುವುದು ಎಲ್ಲಿಂದ? ಅಂಕೆ ಹೇಳುವುದು ಎಲ್ಲಿ ನಿಲ್ಲಬೇಕು ಅಂತ. ಎಷ್ಟು ಜೋರಾಗಿ ಓಡಬೇಕು ಅಂತ ಅಲ್ಲ.

ಇನ್ನು ‘ನಿಯಂತ್ರಣ’. ಹವಾನಿಯಂತ್ರಣ, ತಾಪನಿಯಂತ್ರಣ, ನಿಯಂತ್ರಣ ಕೊಠಡಿ ಅಂತ ಎಲ್ಲ ಕಡೆ ಇದೆ. ಬೇರೆ ಊರಲ್ಲಿ ಇದರಿಂದ ತೊಂದರೆ ಇಲ್ಲದಿರಬಹುದು. ಇಲ್ಲಿ ಉಂಟು. ಮಲಯಾಳದ ಪೇಪರಿನಲ್ಲಿ, ಬೋರ್ಡಿನಲ್ಲಿ ‘ಗತಾಗತ ನಿಯಂತ್ರಣಂ’ ಅಂದರೆ ವಾಹನಗಳಿಗೆ ನಿರ್ಬಂಧ. ದಿನಾ ಅದನ್ನು ನೋಡುವವನಿಗೆ ‘ತಾಪನಿಯಂತ್ರಣ’ ಅಂದರೆ ಬಿಸಿಯನ್ನು ತಡೆಯುವುದು. ಆದರೆ ಈ ವ್ಯವಸ್ಥೆ ಬಿಸಿಯನ್ನು ತಡೆಯುವುದಷ್ಟೇ ಅಲ್ಲ, ಬೇಕಾದಾಗ ಬಿಸಿ ಮಾಡುತ್ತದೆ ಕೂಡ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟಿನ ಮಳೆಗಾಲ) ನಮ್ಮ ಆಪರೇಷನ್ ಥಿಯೇಟರಿನ ಗಾಳಿ ಯಂತ್ರದಲ್ಲಿ ಹೀಟರ್ ಓಡುವುದನ್ನು ನೋಡಿ ಹೊಸಬರು ಹೆದರಿ ಓಡಿ ಬರುತ್ತಾರೆ. ಅದು ಕೆಟ್ಟದ್ದಲ್ಲ. ಗಾಳಿಯಲ್ಲಿರುವ ಪಸೆ ತೆಗೆಯಬೇಕಾದರೆ ಗಾಳಿಯನ್ನು 12, 13 ಡಿಗ್ರಿಯವರೆಗೆ ತಣ್ಣಗೆ ಮಾಡಬೇಕು. ಆಗ ನೀರು ಹನಿಯಾಗಿ ತಣ್ಣೀರಿನ ಪೈಪಿನ ಸುರುಳಿಯ (ಕಾಯಿಲ್) ಮೇಲೆ ಇಳಿದು ಟ್ರೇಗೆ ಬೀಳುತ್ತದೆ. ಅಷ್ಟು ತಣ್ಣಗಿನ ಗಾಳಿಯನ್ನು ಹಾಗೇ ಬಿಟ್ಟರೆ ಒಳಗಿದ್ದವರು ನಡುಗುತ್ತಾರೆ. ಅದಕ್ಕೆ ಪುನಃ ಸ್ವಲ್ಪ ಬಿಸಿ ಮಾಡಿ ಬಿಡುವುದು. ಇದನ್ನೆಲ್ಲ ‘ಹದದಲ್ಲಿ ಇಡುವುದು’ ಅಂದರೆ ಸರಿಯಾಗುತ್ತದೆ. ‘ನಿಯಂತ್ರಣ’ ಅಂದರೆ ಅರ್ಧ ಮಾತ್ರ ಹೇಳಿದ ಹಾಗೆ.

ಥರ್ಮೋಸ್ಟಾಟ್ ಪದವನ್ನು ಹಾಗೇ ಇಡುತ್ತೇನೆ. 1830ರಲ್ಲಿ ಆಂಡ್ರೂ ಯೂರ್ ಎಂಬ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಪೇಟೆಂಟ್ ತೆಗೆದಾಗ ಬಂದ ಹೆಸರು ಅದು. ಬಿಸಿ ಮತ್ತು ನಿಲುವು ಅನ್ನುವ ಅರ್ಥದ ಗ್ರೀಕ್ ಪದಗಳಿಂದ ಕಟ್ಟಿದ್ದು. ಆದರೆ ಆ ಕೆಲಸ ಅದಕ್ಕಿಂತ ಹಳೆಯದು. ಕೊರ್ನೇಲಿಸ್ ಡ್ರೆಬೆಲ್ ಎಂಬ ಡಚ್ಚರವನು 17ನೆಯ ಶತಮಾನದ ಮೊದಲ ದಶಕಗಳಲ್ಲೇ ತನ್ನ ಬಿಸಿಯನ್ನು ತಾನೇ ಹದದಲ್ಲಿ ಇಟ್ಟುಕೊಳ್ಳುವ ಒಲೆ ಮಾಡಿದ್ದ. ಅದರಿಂದ ಕೋಳಿಮೊಟ್ಟೆ ಮರಿ ಮಾಡಿಸುವುದು ಅವನ ಒಂದು ಉದ್ದೇಶ. ಅಂದರೆ ಕೋಳಿ ಕಾವಿಗೆ ಕೂರುವ ಕೆಲಸವನ್ನೇ ಯಂತ್ರ ಮಾಡಿತು. ಕನ್ನಡದಲ್ಲಿ ‘ಕಾಯು’ ಅಂದರೆ ಬಿಸಿಯಾಗು, ‘ಕಾಯು’ ಅಂದರೆ ಕಾವಲಿರು. ನೀರು ಕಾಯಿತು, ಗದ್ದೆ ಕಾಯ್ದ. ‘ಕಾವುಗಾವಲಿ’ ಅಂತ ಒಂದು ಪದ ಕಟ್ಟಬಹುದು ಅಂತ ಆಸೆಯೂ ಆಯಿತು. ಇಲ್ಲಿ ಮಾತ್ರ ಅದು ನಡೆಯಲಿಕ್ಕಿಲ್ಲ. ಕಾಸರಗೋಡಿನಲ್ಲಿ ‘ಕಾವು’ ಅಂದ ಕೂಡಲೇ ತೆಯ್ಯಂ ನಡೆಯುವ ದೇವರ ಬನ ನೆನಪಾಗುತ್ತದೆ. ಕಾವುಗಾವಲಿ ಅಂದರೆ ಬನ ಕಾಯುವವನು ಅಂದುಕೊಂಡಾರು. ಬೇರೆ ಊರಿನವರು ಬೇಕಾದರೆ ಬಳಸಲಿ.

ನನಗೆ ನಿಜವಾಗಿ ಸಿಗದೆ ಇರುವುದು ‘ಡೆಡ್ ಬ್ಯಾಂಡ್’ಗೆ ಪದ. ಅಂಕೆ 24 ಇದ್ದರೆ ಯಂತ್ರ ಸರಿಯಾಗಿ 24ಕ್ಕೇ ನಿಂತು 24ಕ್ಕೇ ಶುರುವಾಗುವುದಿಲ್ಲ. ಹಾಗೆ ಮಾಡಿದರೆ ನಿಮಿಷಕ್ಕೊಮ್ಮೆ ಆನ್ ಆಫ್ ಆಗಿ ಕಂಪ್ರೆಸರ್ ಹಾಳಾಗುತ್ತದೆ. 25ಕ್ಕೆ ಹೋದಾಗ ಶುರು, 23ಕ್ಕೆ ಬಂದಾಗ ಬಂದ್. ನಡುವೆ ಸುಮ್ನೆ ಇರುತ್ತದೆ. ಬಿಸಿ ಮಾಡುವುದೂ ತಂಪು ಮಾಡುವುದೂ ಎರಡೂ ಇರುವ ಕಡೆ ಈ ಅಂತರ ಇನ್ನೂ ಮುಖ್ಯ. ಇಲ್ಲದಿದ್ದರೆ ಒಂದು ಬಿಸಿ ಮಾಡಿದ್ದನ್ನು ಇನ್ನೊಂದು ತಂಪು ಮಾಡುತ್ತಾ ಕರೆಂಟು ಸುಡುತ್ತದೆ. ಅದಕ್ಕೆ ಎಸಿ, ಹೀಟರ್ ಕೆಲಸದ ಎಂಜಿನಿಯರುಗಳ ಅಮೆರಿಕದ ಆಶ್ರೇ ಸಂಸ್ಥೆಯ ಮಾನದಂಡದಲ್ಲಿ ಸುಮಾರು 3 ಡಿಗ್ರಿಯ ಅಂತರ ಕೇಳುತ್ತಾರೆ. ‘ನಿಷ್ಕ್ರಿಯ ವಲಯ’ ಅಂತ ಒಬ್ಬರು ಮಾಸ್ಟ್ರು ಸೂಚಿಸಿದರು. ಅರ್ಥ ಸರಿ, ಆದರೆ ಹುಡುಗರ ಬಾಯಿಗೆ ಬರಲಿಕ್ಕಿಲ್ಲ. ನನ್ನ ಮನಸ್ಸಿಗೆ ಬಂದದ್ದು ‘ಸಲಿಗೆ’. ‘ಎರಡು ಡಿಗ್ರಿ ಸಲಿಗೆ ಕೊಡಿ.’ ಇಷ್ಟು ದೂರ ಹೋದರೂ ಸುಮ್ಮನಿರುತ್ತೇನೆ ಅನ್ನುವ ಭಾವ ಅದರಲ್ಲಿ ಇದೆ. ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಗೊತ್ತಿದ್ದರೆ ಖಂಡಿತ ಬರೆಯಿರಿ. ನೇಯ್ಗೆಯವರು, ಬಡಗಿಗಳು, ಮಿಲ್ಲಿನವರು ಇಂಥದ್ದಕ್ಕೆ ಏನು ಅನ್ನುತ್ತಾರೆ?

ದೀಪದ ವಿಷಯ ಬೇಗ ಮುಗಿಸುತ್ತೇನೆ. ಕಾರಿಡಾರಿನಲ್ಲಿ ಇರುವ ಸೆನ್ಸರಿಗೆ ‘ಜನರಿರುವುದನ್ನು ಗುರುತಿಸುವ ಸೆನ್ಸರ್’ ಅಂತ ಹೆಸರು ಕೊಟ್ಟರೆ ಸುಳ್ಳು ಹೇಳಿದ ಹಾಗೆ. ಅದಕ್ಕೆ ಕಾಣುವುದು ಮೈಬಿಸಿ ಇರುವ ದೇಹದ ಅಲುಗಾಟ. ರಾತ್ರಿ ಬೆಂಚಿನ ಮೇಲೆ ಅಲುಗದೆ ಕೂತ ರೋಗಿಯ ಮನೆಯವರ ಮೇಲೆ ದೀಪ ಆರುತ್ತದೆ, ‘ಸೆನ್ಸರ್ ಹೋಗಿದೆ’ ಅಂತ ದೂರು ಬರುತ್ತದೆ. ‘ಅಲುಗಾಟದ ಸೆನ್ಸರ್’ ಅಂತಲೇ ಬರೆಯುತ್ತೇನೆ. ಸೆನ್ಸರ್, ವಾಲ್ವ್, ಕಂಟ್ರೋಲರ್, ಡ್ಯಾಂಪರ್ ಯಾವುದನ್ನೂ ಮುಟ್ಟುವುದಿಲ್ಲ. ಅವು ಈಗಾಗಲೇ ಹುಡುಗರ ಬಾಯಲ್ಲಿ ಇವೆ. ಪ್ಯಾನೆಲ್‌ನಲ್ಲಿ ಮೂರು ಕಡೆಗೆ ತಿರುಗಿಸುವ ಸ್ವಿಚ್ಚಿಗೆ ಮಾತ್ರ ‘ಕೈ’, ‘ಬಂದ್’, ‘ತಾನೇ’ ಅಂತ ಚೀಟಿ ಅಂಟಿಸುವ ಯೋಚನೆ ಇದೆ. ಪರೀಕ್ಷೆಗೆ ಅಂತ ಫ್ಯಾನನ್ನು ‘ಕೈ’ಯಲ್ಲಿ ಹಾಕಿ ಮರೆತು ಹೋದರೆ ಕಂಪ್ಯೂಟರ್ ಎಷ್ಟು ಹೇಳಿದರೂ ಫ್ಯಾನ್ ಕೇಳುವುದಿಲ್ಲ, ರಾತ್ರಿ ಹಗಲು ಓಡುತ್ತಾ ಇರುತ್ತದೆ.

ಕೊನೆಯದಾಗಿ ‘ಸೆಕೆ’. ಇದನ್ನು ನಾನು ಕೇಳುವುದಕ್ಕಿಂತ ನಿಮ್ಮ ಮುಂದೆ ಇಡುತ್ತೇನೆ. ಪುಸ್ತಕಗಳಲ್ಲಿ ತಾಪ, ಉಷ್ಣತೆ, ಆರ್ದ್ರತೆ ಅಂತ ಬೇರೆ ಬೇರೆ ಪದಗಳಿವೆ. ಮನುಷ್ಯನಿಗೆ ಹಿತ ಅನ್ನಿಸಲು ಆರು ಸಂಗತಿ ಸೇರಬೇಕು ಅಂತ ಡೆನ್ಮಾರ್ಕಿನ ಫಾಂಗರ್ ಎಂಬ ವಿಜ್ಞಾನಿ 1970ರಲ್ಲಿ ಲೆಕ್ಕ ಹಾಕಿ ತೋರಿಸಿದರು: ಗಾಳಿಯ ಬಿಸಿ, ಸುತ್ತಲಿನ ಗೋಡೆಗಳಿಂದ ಬರುವ ಬಿಸಿ, ಗಾಳಿಯ ಓಟ, ಪಸೆ, ತೊಟ್ಟ ಬಟ್ಟೆ, ಮಾಡುವ ಕೆಲಸ. ಇಂದಿಗೂ ಕಟ್ಟಡಗಳ ಲೆಕ್ಕಕ್ಕೆ ಆ ಆರೇ ಆಧಾರ. ನಮ್ಮ ಕಡೆಯ ‘ಸೆಕೆ’ಯಲ್ಲಿ ಇವುಗಳ ಪೈಕಿ ಕನಿಷ್ಠ ಮೂರು ಒಟ್ಟಿಗೆ ಇವೆ. ಬಿಸಿ ಇದೆ, ಪಸೆ ಇದೆ, ಗಾಳಿ ಆಡುತ್ತಿಲ್ಲ. ಬೆವರು ಆರುವುದಿಲ್ಲ ಅನ್ನುವುದು ಅದರ ತಿರುಳು. ಮೇ ತಿಂಗಳಲ್ಲಿ 33 ಡಿಗ್ರಿಯ ಕಾಸರಗೋಡಿನಲ್ಲಿ ಸೆಕೆ ಅನ್ನುತ್ತೇವೆ. 40ರ ಕಲಬುರಗಿಯಲ್ಲಿ ಇರುವವರು ಧಗೆ, ಝಳ ಅನ್ನುತ್ತಾರೆ. ಎರಡೂ ಒಂದೇ ಅಲ್ಲ. ಕೋಣೆಯ ಡಿಗ್ರಿ 25 ಇದ್ದರೂ ‘ಸೆಕೆ ಆಗ್ತದೆ’ ಅಂತ ಫೋನ್ ಬಂದರೆ ಹುಡುಗರು ಡಿಗ್ರಿ ಇಳಿಸುತ್ತಾರೆ. ಮೊದಲು ನೋಡಬೇಕಾದದ್ದು ಪಸೆಯ ಅಳತೆ ಮತ್ತು ಗಾಳಿ. ಅದಕ್ಕೆ ಹಾಳೆಯಲ್ಲಿ ಹೀಗೆ ಬರೆದಿದ್ದೇನೆ: ‘ಬಿಸಿ ಅಂದರೆ ಡಿಗ್ರಿ ನೋಡಿ. ಸೆಕೆ ಅಂದರೆ ಪಸೆ ನೋಡಿ, ಗಾಳಿ ನೋಡಿ, ಆಮೇಲೆ ಡಿಗ್ರಿ.’ ಒಳನಾಡಿನವರಿಗೆ ಸೆಕೆ ಅಂದರೆ ಬರೀ ಬಿಸಿ ಅಂತ ಆದರೆ ಈ ಸಾಲು ನಮ್ಮ ಊರಿಗೆ ಮಾತ್ರ ಸರಿ. ಹಾಗೆಯೋ ಅಲ್ಲವೋ ತಿಳಿಸಿ.

‘ಸಲಿಗೆ’ ಮತ್ತು ‘ಅಂಕೆ’ ಇವೆರಡಕ್ಕೆ ಮೊದಲು ಉತ್ತರ ಕೊಟ್ಟರೆ ಉಪಕಾರ. ಉಳಿದದ್ದನ್ನು ಆಮೇಲೆ ತಿದ್ದಬಹುದು, ಆದರೆ ಈ ಎರಡು ಪ್ಯಾನೆಲ್ ಬಾಗಿಲಿನ ಚೀಟಿಗೆ ಹೋಗುತ್ತವೆ.