ಈ ವಾರದ ಸಮಸ್ಯೆ: ಬೆಂಕಿಯೊಳಗಿನ ಮೊಲ

ಗುಬ್ಬಿ ಗಮಕಿ: ಕಂದದ (ಹಳಗನ್ನಡದ ನಾಲ್ಕು ಸಾಲಿನ ಪದ್ಯ, ಪ್ರತಿ ಸಾಲಿನ ಎರಡನೇ ಅಕ್ಷರ ಪ್ರಾಸ) ಕೊನೆಯ ಸಾಲು ಕೊಡ್ತಿದ್ದೀನಿ, ತುಮಕೂರಿನ ಬಿಸಿಲಲ್ಲೇ ಕೂತು ಪೂರೈಸಿ.
"ಚಳಿಯಿಂದಂ ನಡುಗಿತಲ್ತೆ ಬೆಂಕಿಯೊಳೆ ಮೊಲಂ"

ತಿಪಟೂರು ಕೊಬ್ಬರಿ: ಶಶಜಾತಕ, ಇನ್ನೇನು! ಬುದ್ಧ ಹಿಂದಿನ ಜನ್ಮದಲ್ಲಿ ಮೊಲವಾಗಿ ಅತಿಥಿಗೆ ಮೈಯನ್ನೇ ಕೊಡಲು ಬೆಂಕಿಗೆ ಹಾರಿದ ಕತೆ; ಆ ಬೆಂಕಿ ತಣ್ಣಗಾಗಿದ್ದು ಶಕ್ರನಿಂದ, ಅಂದರೆ ಇಂದ್ರನಿಂದ.

ಪಳೆಯ ಭವಂ ಮೊಲಮಾಗಿರೆ
ಕಳವಳಿಸದೆ ಬೋಧಿಸತ್ತ್ವನತಿಥಿಗೆ ತನುವಂ
ತಳುವದೆ ನೀಡಲ್ ಶಕ್ರನ
ಚಳಿಯಿಂದಂ ನಡುಗಿತಲ್ತೆ ಬೆಂಕಿಯೊಳೆ ಮೊಲಂ

ಮಧುಗಿರಿ ಮೇಷ್ಟ್ರು: ಅದು 'ಪೞೆಯ'. ಚಳಿಯದು ಕುಳ (ಈಗಿನ ಳ), ನಿಮ್ಮದು ರಳ (ಹಳಗನ್ನಡದ ೞ), ಪ್ರಾಸ ಕೂಡದು. ಮೊದಲ ಹೆಜ್ಜೆಗೇ ಮುಗ್ಗರಿಸಿದಿರಿ.

ಕೊಬ್ಬರಿ: ರಳ ಸತ್ತು ಎಷ್ಟು ಜನ್ಮವಾಯ್ತು ಮೇಷ್ಟ್ರೇ! ನಿಮ್ಮ ಬೆಟ್ಟ ಹತ್ತಿ ಅದನ್ನ ಇಳಿಸಿಕೊಂಡು ಬರೋದರೊಳಗೆ ಪದ್ಯ ಆರಿಹೋಗುತ್ತೆ.

ಮೇಷ್ಟ್ರು: 'ತನುವಂ', 'ಮೊಲಂ' ಅಂತ ಹಳಗನ್ನಡದ ಪಂಚೆ ಉಟ್ಟ ಮೇಲೆ ಕಚ್ಚೆಯೂ ಸರಿಯಿರಬೇಕು. ವೈಯಾಕರಣ ಕೇಶಿರಾಜ ರಳದ ಪದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಸಡಿಲ ಬೇಕಿದ್ದರೆ ಭಾಮಿನಿ ಷಟ್ಪದಿಗೆ ಹೋಗಿ.

ಶಿರಾದವಳು: 'ಕಳೆದ ಭವಂ' ಅಂದರೆ ಮುಗೀತಲ್ಲ?

ಮೇಷ್ಟ್ರು: ಕೞಿದ. ಅದೂ ರಳ.

ಶಿರಾದವಳು: ಕೞಿ ಬೇರೆ, ಕಳೆ ಬೇರೆ ಸಾರ್. ಕಳೆದದ್ದು ಅಂದರೆ ಬಿಸುಟದ್ದು. ಮೊಲ ಬಿಸುಟಿದ್ದೂ ಅದನ್ನೇ.

ಮೇಷ್ಟ್ರು: ಹೂಂ. ನಡೆದೀತು.

ಕೊಬ್ಬರಿ: ಅಕ್ಕ ಹೇಳಿದರೆ ನಡೆಯುತ್ತೆ! ಯುಗಾದಿಯಲ್ಲಿ ನನ್ನ 'ಬಾಳ್' ಹಿಡಿದು ಮೂರು ದಿನ ಜಗ್ಗಿದವರು ಇವರೇ.

ಗಮಕಿ: ಅರ್ಥದ ಕಡೆಗೂ ಬನ್ರಪ್ಪ. ಪಾಲಿಯ 547 ಜಾತಕಗಳಲ್ಲಿ 316ನೆಯದು ಇದು. ಅಲ್ಲಿ ಮೊಲ ನಡುಗುವುದಿಲ್ಲ. ಹಿಮದ ಗುಹೆ ಹೊಕ್ಕಂತಾಗಿ ರೋಮಕೂಪವೂ ಬಿಸಿಯಾಗಲಿಲ್ಲ, ಅಷ್ಟೆ. ಆದರೆ ಹಾರುವ ಮುಂಚೆ ಮೂರು ಸಲ ಮೈ ಕೊಡವುತ್ತೆ, ತುಪ್ಪಳದ ಹುಳುಗಳು ಸಾಯದಿರಲಿ ಅಂತ. ಆ ಕೊಡವಿದ್ದನ್ನೇ ನಡುಕವಾಗಿ ಹಿಡಿದಿದ್ದರೆ ಪದ್ಯ ಎದ್ದು ನಿಲ್ತಿತ್ತು. ಶಕ್ರನಿಗೆ ಯಾಕೆ ಅಷ್ಟು ಕೆಲಸ? ಆರ್ಯಶೂರನ ಜಾತಕಮಾಲೆಯಲ್ಲೂ ಈ ಮೊಲ ಇದೆ, ಅಲ್ಲಿನ 34 ಕತೆಗಳಲ್ಲೊಂದು. ಗದ್ಯಪದ್ಯ ಬೆರೆತ ಸಂಸ್ಕೃತ, ನಮ್ಮ ಚಂಪುವಿನವರಿಗೆ ಹಬ್ಬ.

ಕೊಬ್ಬರಿ: ಜಾತಕ ಅಂತ ಜೋರಾಗಿ ಓದಿದೆ. ಒಳಗಿಂದ ಅಮ್ಮ "ಹುಡುಗಿ ಕಡೆಯದು ಬಂತೇನೋ?" ಅಂದ್ರು.

ಶಿರಾದವಳು: ನಾನು ಜಾತಕಕ್ಕೆ ಹೋಗಲಿಲ್ಲ. ನನ್ನದು ಚಂದ್ರನೊಳಗಿನ ಮೊಲ; ಇನಿಯ ಬಾರದ ವಿರಹಿಗೆ ಬೆಳದಿಂಗಳೇ ಬೆಂಕಿ.

ನಳಿದೋಳ್ಗಿನಿಯಂ ಬಾರದೆ
ಬೆಳುದಿಂಗಳೆ ಬೆಂಕಿಯಾಯ್ತು ಬೆಂದುದು ಮೆಯ್ಯುಂ
ಒಳಗಿರ್ದಾ ತಣ್ಗದಿರನ
ಚಳಿಯಿಂದಂ ನಡುಗಿತಲ್ತೆ ಬೆಂಕಿಯೊಳೆ ಮೊಲಂ

ಗಮಕಿ: ಸೊಗಸು.

ಮೇಷ್ಟ್ರು: ಚೆನ್ನಾಗಿದೆ.

ಕೊಬ್ಬರಿ: ಇದರಲ್ಲಿ ರಳ ಹುಡುಕಲಿಲ್ಲವೇ?

ಮೇಷ್ಟ್ರು: ಹುಡುಕಿದೆ, ಸಿಗಲಿಲ್ಲ. ನಿಮ್ಮ 'ತಳುವದೆ' ಮೇಲೆ ಮಾತ್ರ ಇನ್ನೂ ಅನುಮಾನ. ಕಿಟ್ಟೆಲ್ ನಿಘಂಟು ಅಟ್ಟದ ಮೇಲಿದೆ, ಇಳಿಸಿಕೊಂಡು ಬರ್ತೀನಿ, ಇರಿ.