‘ಭಿನ್ನಾಭಿಪ್ರಾಯ ಇದೆ, ಭಿನ್ನಮತ ಇಲ್ಲ’ – ವ್ಯತ್ಯಾಸ ಎಲ್ಲಿದೆ?

ಬಲ್ಲವರಲ್ಲಿ ಒಂದು ಪ್ರಶ್ನೆ. ಪಕ್ಷವೊಂದರ ಬೆಂಗಳೂರಿನ ಕಾರ್ಯಕರ್ತರಿಗೆಂದು ಅಚ್ಚಾಗಲಿರುವ ಕೈಪಿಡಿಯ ಕರಡು ತಿದ್ದುತ್ತಿದ್ದೇನೆ. (ಯಾವ ಪಕ್ಷ ಎಂದು ಕೇಳಬೇಡಿ, ಈ ವಿಷಯದಲ್ಲಿ ಎಲ್ಲರ ಕನ್ನಡವೂ ಒಂದೇ.) ಅದರಲ್ಲಿ ಹೀಗೊಂದು ಸಾಲಿದೆ: ‘ರಚನಾತ್ಮಕ ಟೀಕೆಗೆ ಸ್ವಾಗತ, ಭಿನ್ನಮತಕ್ಕೆ ಅವಕಾಶವಿಲ್ಲ.’ ಬಸವನಗುಡಿಯವರೂ ಶಿವಾಜಿನಗರದವರೂ, ಮನೆಯಲ್ಲಿ ಉರ್ದು, ತಮಿಳು, ತೆಲುಗು ಆಡುವವರೂ ಓದಬೇಕಾದ ಪುಸ್ತಕ. ಅವರಿಗೆ ಈ ಗೆರೆ ಎಲ್ಲಿದೆ ಎಂದು ತಿಳಿಯಬೇಕಲ್ಲ?

ನಿಘಂಟು ನೋಡಿದರೆ ಮತ ಎಂದರೂ ಅಭಿಪ್ರಾಯವೇ. ಆದರೂ ವಿಧಾನಸೌಧದ ಮೆಟ್ಟಿಲ ಮೇಲೆ ನಿಂತ ನಾಯಕರು ‘ನಮ್ಮಲ್ಲಿ ಭಿನ್ನಾಭಿಪ್ರಾಯ ಇರಬಹುದು, ಭಿನ್ನಮತ ಇಲ್ಲ’ ಎಂದರೆ ಕೇಳಿದವರಿಗೆಲ್ಲ ಅರ್ಥವಾಗುತ್ತದೆ. ನನಗೆ ಕಾಣುವಂತೆ ವ್ಯತ್ಯಾಸ ಇರುವುದು ಮಾತಿನಲ್ಲಲ್ಲ, ಆಡಿದ ಜಾಗದಲ್ಲಿ. ನಾಲ್ಕು ಗೋಡೆಗಳ ಮಧ್ಯೆ ಹೇಳಿದರೆ ಅಭಿಪ್ರಾಯ. ಅದನ್ನೇ ಟಿವಿ ಮೈಕಿನ ಮುಂದೆ ಹೇಳಿದರೆ ಭಿನ್ನಮತ, ಬೆನ್ನಿಗೇ ಕಾರಣ ಕೇಳಿ ನೋಟಿಸ್. ಜೊತೆಗೆ ನಾಲ್ಕು ಜನ ಸೇರಿದರೆ ಬಣ. ಟಿಕೆಟ್ ತಪ್ಪಿ ಪಕ್ಷೇತರರಾಗಿ ನಾಮಪತ್ರ ಹಾಕಿದರೆ ಬಂಡಾಯ ಅಭ್ಯರ್ಥಿ. 1979ರಲ್ಲಿ ಇದೇ ಊರಿನಲ್ಲಿ ಸಾಹಿತಿಗಳು ತಮ್ಮ ಚಳವಳಿಯ ಹೆಸರಾಗಿ ಹೆಮ್ಮೆಯಿಂದ ತೊಟ್ಟುಕೊಂಡ ‘ಬಂಡಾಯ’ ಪಕ್ಷದ ಕಚೇರಿಯಲ್ಲಿ ಉಚ್ಚಾಟನೆಯ ಹಿಂದಿನ ಮೆಟ್ಟಿಲು!

ಇನ್ನೊಂದು ‘ಮತ’ವೂ ಇದೆ, ಆತ್ಮಸಾಕ್ಷಿಯ ಮತ. 1969ರ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು. ರಾಷ್ಟ್ರಪತಿ ಸ್ಥಾನಕ್ಕೆ ನೀಲಂ ಸಂಜೀವ ರೆಡ್ಡಿಯವರ ಹೆಸರು ತೀರ್ಮಾನವಾದದ್ದೂ ಆಗ ಬೆಂಗಳೂರಿನಲ್ಲೇ. ಆಮೇಲೆ ಇಂದಿರಾ ಗಾಂಧಿ ‘ಆತ್ಮಸಾಕ್ಷಿಯಂತೆ ಮತ ಹಾಕಿ’ ಎಂದರು, ಪಕ್ಷೇತರರಾಗಿ ನಿಂತಿದ್ದ ವಿ.ವಿ. ಗಿರಿ ಗೆದ್ದರು, ನವೆಂಬರಿನಲ್ಲಿ ಪ್ರಧಾನಿಯೇ ಪಕ್ಷದಿಂದ ಉಚ್ಚಾಟಿತರಾದರು. ನಿಜಲಿಂಗಪ್ಪನವರ ಕಡೆಯದು ‘ಸಂಸ್ಥಾ ಕಾಂಗ್ರೆಸ್’ ಎನಿಸಿಕೊಂಡಿತು. ಈಗಲೂ ರಾಜ್ಯಸಭೆ ಚುನಾವಣೆ ಬಂದಾಗ ಕೆಲವರ ಬಾಯಲ್ಲಿ ಆತ್ಮಸಾಕ್ಷಿ ಮತ ಕೇಳಿಬರುತ್ತದೆ. ಅದೇ ಮತವನ್ನು ಎದುರಿನವರು ಅಡ್ಡಮತ (ಸ್ವಂತ ಪಕ್ಷ ಬಿಟ್ಟು ಬೇರೆಯವರಿಗೆ ಹಾಕಿದ ಮತ) ಎನ್ನುತ್ತಾರೆ.

‘ಟೀಕೆ’ಯ ಪಾಡೂ ಹೀಗೆಯೇ. ಮೂಲದಲ್ಲಿ ಅದು ಗ್ರಂಥದ ಅರ್ಥ ಬಿಡಿಸುವ ವ್ಯಾಖ್ಯಾನ. ಜಯತೀರ್ಥರನ್ನು ಟೀಕಾಚಾರ್ಯರು ಎನ್ನುವುದು ಮಧ್ವಾಚಾರ್ಯರ ಗ್ರಂಥಗಳಿಗೆ ಟೀಕೆ ಬರೆದದ್ದಕ್ಕೆ, ಅವರನ್ನು ಬೈದದ್ದಕ್ಕಲ್ಲ. ಈಗ ಬರೀ ಟೀಕೆ ಎಂದರೆ ಬೈಗುಳವೆಂದೇ ಎಣಿಸುತ್ತಾರೆ, ಅದಕ್ಕೇ ಮುಂದೆ ‘ರಚನಾತ್ಮಕ’ ಅಂಟಿಸಬೇಕಾಗಿದೆ. ಪತ್ರಿಕಾ ಪ್ರಕಟಣೆಯ ವಾಸನೆ ಹೊಡೆಯುವ ಪದ, ನನಗೆ ಒಗ್ಗದು. ‘ವಿಮರ್ಶೆ’ ಹಾಕಿದರೆ ಪುಸ್ತಕ ವಿಮರ್ಶೆಯ ನೆನಪು. ‘ಆತ್ಮಾವಲೋಕನ’ವಂತೂ ಸೋತ ಮರುದಿನದ ಪದ, ಗೆದ್ದವರು ಬಳಸಿದ್ದನ್ನು ನಾನು ಕೇಳಿಲ್ಲ.

‘ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ’ ಎಂಬ ಗಾದೆಯಲ್ಲಿ ವಿಷಯ ಪೂರ್ತಿ ಇದೆ, ಆದರೆ ನಿಯಮದ ಪುಸ್ತಕಕ್ಕೆ ಗಾದೆ ಹೊಂದದು. ಸದ್ಯಕ್ಕೆ ‘ತಪ್ಪು ಕಂಡರೆ ಸಭೆಯಲ್ಲಿ ಎದ್ದು ಹೇಳಿ, ಹೊರಗೆ ಹೇಳಿಕೆ ಕೊಡಬೇಡಿ’ ಎಂದು ಬದಲಿಸಿದ್ದೇನೆ. ಕರಡು ಕೊಟ್ಟವರು ‘ತೂಕ ಸಾಲದು ಸಾರ್’ ಎಂದು ವಾಪಸು ಕಳಿಸಿದ್ದಾರೆ.

ಧಾರವಾಡ, ಕಲಬುರಗಿ, ಮಂಗಳೂರು ಕಡೆ ಒಳಗಿನವರೇ ತಿದ್ದಲು ಆಡುವ ಮಾತಿಗೆ ಬೇರೆ ಪದ ಬಳಕೆಯಲ್ಲಿದೆಯೇ? ಹಳೆಯ ಪತ್ರಿಕೆ ಓದುವವರು ಇದನ್ನೂ ತಿಳಿಸಿ: ‘ಭಿನ್ನಮತೀಯ’ ಎಂಬುದು 1969ಕ್ಕಿಂತ ಮೊದಲೇ ರಾಜಕೀಯ ವರದಿಗಳಲ್ಲಿ ಕಾಣಿಸುತ್ತದೆಯೇ, ಇಲ್ಲವೇ ಅಲ್ಲಿಯವರೆಗೆ ಧರ್ಮದ ಚರ್ಚೆಗಷ್ಟೇ ಮೀಸಲಾಗಿತ್ತೇ?